ಮೂತಿಯಿಂದ ಎಳೆಯುವ ಕಾರು

ನಮ್ಮ ಚಿಕ್ಕಪ್ಪ ಸತ್ತ ಕಾರನ್ನು ನಾನು ಮೊದಲ ಸಲ ನೋಡಿದ್ದು ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ವೇಳೆ ಬರೆದಿಡುವುದು ನನ್ನ ಅಭ್ಯಾಸ. ಮಿಲಿಟರಿಯ ವಾಹನ ರಿಪೇರಿ ಶೆಡ್ಡುಗಳಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಬಂದವನು ನಾನು. ಗಡಿಯಾರ ನೋಡದೆ ಬೋಲ್ಟಿಗೆ ಸ್ಪ್ಯಾನರ್ ಹಾಕಿದವನಲ್ಲ. ಈಗಲೂ ತರೀಕೆರೆಯ ಮನೆಯಲ್ಲಿ ಐದಕ್ಕೆ ಏಳುತ್ತೇನೆ. ಐದೂವರೆಗೆ ನಡಿಗೆ, ಆರೂವರೆಗೆ ಕಾಫಿ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ಆ ಸೋಮವಾರಕ್ಕೆ ಎರಡು ದಿನ ಮೊದಲು, ನಡಿಗೆಯ ಅರ್ಧ ದಾರಿಯಲ್ಲಿ, ಭಾಯ್ ನನ್ನನ್ನು ಅಡ್ಡಗಟ್ಟಿದರು. ಭಾಯ್ ಎಂದರೆ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಲೇತ್ ಅಂಗಡಿ ಇಟ್ಟಿರುವ ಸಾಹೇಬರು. ನನ್ನದೇ ವಯಸ್ಸು. ನಾನು ಪೆನ್ಷನ್ ಪಡೆದು ಊರಿಗೆ ಬಂದಾಗಿನಿಂದ ಸಂಜೆ ನಾಲ್ಕಕ್ಕೆ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದು ಟೀ ಕುಡಿಯುತ್ತೇನೆ. ನಡಿಗೆಯ ನಡುವೆ ನನ್ನನ್ನು ಮಾತಾಡಿಸಬಾರದು ಎಂದು ಅವರಿಗೆ ಚೆನ್ನಾಗಿ ಗೊತ್ತು.

"ಸುಬೇದಾರ್ರೇ, ನಿಲ್ಲಿ. ನಿಮ್ಮ ಗಡಿಯಾರಕ್ಕೆ ಬೆಂಕಿ ಹಾಕ. ಒಂದು ಕೆಲಸ ಬಂದೈತೆ. ಮಾಡಂಗೂ ಇಲ್ಲ, ಬಿಡಂಗೂ ಇಲ್ಲ."

"ಸಂಜೆ ಹೇಳಿ ಭಾಯ್."

"ಸಂಜೆತನಕ ನಂಗೆ ತಡೆಯಲ್ಲ. ಆ ಕಾರು ಸಿಕ್ಕೈತಂತೆ."

ಯಾವ ಕಾರು ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಒಂದೇ ಸ್ಟೂಲಿನಲ್ಲಿ ಕೂತಿದ್ದರೂ ಆ ಕಾರಿನ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಿರಲಿಲ್ಲ. ಎತ್ತದಿದ್ದುದರಿಂದಲೇ ಸ್ನೇಹ ಉಳಿದಿತ್ತು.

ಆ ಕಥೆ ನಡೆದಾಗ ನಾನು ತೊಟ್ಟಿಲಲ್ಲಿದ್ದೆ. ಭಾಯ್ ಕೂಡ ತೊಟ್ಟಿಲಲ್ಲೇ. ನಮ್ಮೂರು ಬುಕ್ಕಾಂಬುಧಿ ಕೆರೆಯಿಂದಾಚೆ, ಅಜ್ಜಂಪುರದ ಕಡೆ. ಹೊಲ, ತೆಂಗಿನ ತೋಟ ಇರುವ ಮನೆ. ನಮ್ಮಪ್ಪನ ತಮ್ಮನೊಬ್ಬನೇ ನೇಗಿಲು ಬಿಟ್ಟು ಸ್ಟಿಯರಿಂಗ್ ಹಿಡಿದವನು. ಮೊದಲು ಬಸ್ಸು ಓಡಿಸಿದ, ಆಮೇಲೆ ಲಿಂಗದಹಳ್ಳಿಯ ಮೇಲಿನ ಒಂದು ಕಾಫಿ ಎಸ್ಟೇಟಿಗೆ ಡ್ರೈವರ್ ಆದ. ಆಗಿನ ಎಸ್ಟೇಟ್ ಯಜಮಾನರು ದೇಶ ಬಿಟ್ಟು ಹೊರಟಿದ್ದ ಬಿಳಿಯನೊಬ್ಬನಿಂದ ಹಳೆಯ ರೇಸ್ ಕಾರೊಂದನ್ನು ಕೊಂಡಿದ್ದರು. ಎಲ್ಲ ಕಾರುಗಳಂತೆ ಹಿಂದಿನ ಚಕ್ರದಿಂದ ನೂಕಿಸಿಕೊಂಡು ಹೋಗುವ ಕಾರಲ್ಲ ಅದು. ಮುಂದಿನ ಚಕ್ರಗಳೇ ಅದನ್ನು ಎಳೆಯುತ್ತಿದ್ದವು. ಎಳೆಯುವ ಚಕ್ರವೇ ತಿರುವಿನಲ್ಲಿ ಮಣಿಯಲೂ ಬೇಕಾದ್ದರಿಂದ ಚಕ್ರಕ್ಕೂ ಶಾಫ್ಟಿಗೂ ನಡುವೆ ಬಾಗುವ ಜಾಯಿಂಟು ಬೇಕು. ಆ ಜಾಯಿಂಟುಗಳು ಸವೆದಾಗ ಹೊಸದಾಗಿ ಕಡೆದು ಕೂರಿಸಿದವರು ತರೀಕೆರೆಯ ಮಿಸ್ತ್ರಿ, ಈ ಭಾಯ್ ಅವರ ತಂದೆ. ಕೂರಿಸಿದ ದಿನವೇ ಚಿಕ್ಕಪ್ಪ ಕಾರನ್ನು ಪರೀಕ್ಷೆಗೆಂದು ಬಯಲಿನ ಮಟ್ಟಸ ರಸ್ತೆಗೆ ತಂದ. ಹಾಗೇ ಊರಿಗೂ ಹೋಗಿ ತಾಯಿಗೆ ತೋರಿಸಿ ಬರೋಣ ಎಂದುಕೊಂಡಿದ್ದಿರಬೇಕು. ಬುಕ್ಕಾಂಬುಧಿ ಏರಿಯ ತಿರುವಿನಲ್ಲಿ, ಹಗಲು ಹನ್ನೊಂದರ ಹೊತ್ತಿಗೆ, ಕಾರು ಕೆರೆಗೆ ಇಳಿಯಿತು. ಅವನು ಮೇಲೆ ಬರಲಿಲ್ಲ. ಕಾರನ್ನು ಕೆರೆಯಿಂದ ಎಳೆಸಿ ಎಸ್ಟೇಟಿನ ಯಾವುದೋ ಮೂಲೆಗೆ ತಳ್ಳಿದರಂತೆ, ಆಮೇಲೆ ಅದನ್ನು ಯಾರೂ ಕಂಡಿರಲಿಲ್ಲ.

ಮಿಸ್ತ್ರಿ ಜಾಯಿಂಟು ತಪ್ಪು ಕೂರಿಸಿದ, ಅದಕ್ಕೇ ಸ್ಟಿಯರಿಂಗ್ ಎಳೆದುಕೊಂಡು ಹೋಯಿತು ಎಂದು ನಮ್ಮ ಮನೆಯವರು ಹೇಳಿದರು. ನಮ್ಮಜ್ಜಿ ತರೀಕೆರೆಗೆ ಬಂದು ಅವರ ಅಂಗಡಿಯ ಮುಂದೆ ಮಣ್ಣು ತೂರಿ ಶಾಪ ಹಾಕಿದಳಂತೆ. ಮಿಸ್ತ್ರಿ ಮತ್ತೆ ಯಾವ ವಾಹನವನ್ನೂ ಮುಟ್ಟಲಿಲ್ಲ. ಉಳಿದ ಆಯುಷ್ಯವೆಲ್ಲ ಪಂಪ್‌ಸೆಟ್ಟಿನ ಬುಷ್ಷು, ಎತ್ತಿನ ಗಾಡಿಯ ಕಡಾಣಿ ಕಡೆದುಕೊಂಡು ಕಳೆದರು.

"ಎಸ್ಟೇಟು ಕೊಂಡಿರೋ ಅಮ್ಮನಿಗೆ ಹಳೇ ಕಾರಿನ ಹುಚ್ಚಂತೆ," ಎಂದರು ಭಾಯ್. "ಎಂಜಿನ್ನು ಕೊಯಮತ್ತೂರಲ್ಲಿ ರಿಪೇರಿ ಮಾಡಿಸಿ ತಂದವ್ರೆ. ಮುಂದಿನ ಚಕ್ರದ ಜಾಯಿಂಟಿಗೆ ಯಾರೂ ಕೈ ಹಾಕಿಲ್ಲ. ನಮ್ಮಪ್ಪ ಕೂರಿಸಿದ್ದು ಹಂಗೇ ಐತೆ. ನೀವು ಬಿಚ್ಬೇಕು."

"ಅಂಗಡಿ ನಿಮ್ಮದು. ನೀವೇ ಬಿಚ್ಚಿ."

"ನಾನು ಬಿಚ್ಚಿ ಸರಿಯಾಗಿತ್ತು ಅಂದ್ರೆ, ಮಗ ಇನ್ನೇನಂತಾನೆ ಅಂತಾರೆ. ನಿಮ್ಮನೆಯೋರ ಕೈಯಲ್ಲೇ ಬಿಚ್ಬೇಕು. ನಿಮ್ಮ ಬಾಯಲ್ಲೇ ಹೇಳ್ಬೇಕು."

"ತಪ್ಪಾಗಿದ್ರೆ?"

"ತಪ್ಪು ಅಂತಾನೇ ಹೇಳಿ. ನಾನು ಮಣ್ಣಿಗೆ ಹೋಗೋದರೊಳಗೆ ಗೊತ್ತಾಗ್ಲಿ."

ಅಂದು ನನ್ನ ನಡಿಗೆ ಹನ್ನೆರಡು ನಿಮಿಷ ತಡವಾಯಿತು.

ಎಸ್ಟೇಟಿನ ಕಾಫಿ ಕಣದ ಹಿಂದೆ ಒಂದು ತಗಡಿನ ಗೋಡೌನು. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿದದ್ದು ಕೆರೆಯ ವಾಸನೆ. ಕೊಳೆತ ಜೊಂಡು, ತಣ್ಣನೆಯ ಕೆಸರು. ಗುಡ್ಡದ ಮೇಲೆ, ಕಾಫಿ ಗಿಡಗಳ ನಡುವೆ, ಕೆರೆಯ ವಾಸನೆ. ಸುತ್ತ ನೋಡಿ ಕಾರಣ ಹುಡುಕಿದೆ. ಹಿಂದಿನ ದಿನ ಆಳುಗಳು ಕಾರಿನ ಒಳಗೆ ನೀರು ಹೊಯ್ದು ಧೂಳು ತೊಳೆಯಲು ನೋಡಿದ್ದರು. ಪೆಡಲುಗಳ ಕೆಳಗೆ ಎಪ್ಪತ್ತು ವರ್ಷದಿಂದ ಒಣಗಿ ಕೂತಿದ್ದ ಕೆರೆಯ ಗೋಡುಮಣ್ಣು ನೆಂದು ಬಿಟ್ಟುಕೊಂಡಿತ್ತು. ಬೆರಳಿನಿಂದ ಕೆದಕಿದೆ. ಅದರಲ್ಲಿ ಕಡಲೆಕಾಳಿನಷ್ಟು ದೊಡ್ಡ ಬಸವನಹುಳುವಿನ ಚಿಪ್ಪುಗಳು ಇದ್ದವು. ಒಂದು ಕಾಗದದಲ್ಲಿ ಎಲ್ಲವನ್ನೂ ಕಟ್ಟಿ ಜೇಬಿಗೆ ಹಾಕಿಕೊಂಡೆ. ಏನು ಮಾಡಬೇಕೆಂದು ತಿಳಿಯದೆ ಒಂದು ವಸ್ತುವನ್ನು ಎತ್ತಿಟ್ಟುಕೊಂಡದ್ದು ಅದೊಂದೇ ಸಲ.

ಕಾರು ನನ್ನ ಸೊಂಟದಷ್ಟೂ ಎತ್ತರವಿರಲಿಲ್ಲ. ಹಿಂದಕ್ಕೆ ಹೋಗುವ ಶಾಫ್ಟು ಇಲ್ಲದ್ದರಿಂದ ಸೀಟನ್ನು ನೆಲಕ್ಕೆ ಹತ್ತಿಸಿ ಇಟ್ಟಿದ್ದರು. ಮೂತಿ ಮಾತ್ರ ಉದ್ದ. ಬಾನೆಟ್ ಎತ್ತಿದರೆ ಎಂಜಿನ್ನು ಹಿಂದುಮುಂದಾಗಿ ಕೂತಿತ್ತು. ಎಲ್ಲ ಕಾರಿನಲ್ಲೂ ಎಂಜಿನ್ನಿನ ಹಿಂದೆ ಇರುವ ಗೇರ್‌ಬಾಕ್ಸು ಇಲ್ಲಿ ಮುಂದೆ, ಅದಕ್ಕೂ ಮುಂದೆ ಡಿಫರೆನ್ಷಿಯಲ್. ಮುಂದಿನ ಬ್ರೇಕುಗಳು ಚಕ್ರದಲ್ಲಿ ಇರಲಿಲ್ಲ. ಚಕ್ರ ಹಗುರವಾಗಲೆಂದು ಅವನ್ನು ಒಳಗೆ ಡಿಫರೆನ್ಷಿಯಲ್ಲಿನ ಎರಡು ಮಗ್ಗುಲಿಗೆ ಕೂರಿಸಿದ್ದರು. ಯಾರೋ ಬುದ್ಧಿವಂತ ಬಹಳ ಯೋಚಿಸಿ ಕಟ್ಟಿದ ವಾಹನ. ಆದರೂ ನೋಡಲು ಹಿತವಾಗಿರಲಿಲ್ಲ.

"ದೆವ್ವಕ್ಕೆ ಪಾದ ಹಿಂದುಮುಂದು ಅಂತಾರಲ್ಲ ಸಾರ್, ಇದಕ್ಕೆ ಹೊಟ್ಟೆನೇ ಹಿಂದುಮುಂದು," ಎಂದ ಆಳುಗಳ ಮೇಲಿನ ಎಸ್ಟೇಟ್ ಮೇಸ್ತ್ರಿ. ಆಳುಗಳು ನಕ್ಕರು. ಭಾಯ್ ನಗಲಿಲ್ಲ.

ಕಾರನ್ನು ಬೆಳಕಿಗೆ ತರಲು ನಾಲ್ಕು ಜನ ಹಿಂದಿನಿಂದ ನೂಕಿದರು. ಬಾಗಿಲ ಬಳಿ ಚಕ್ರ ಸ್ವಲ್ಪ ಎಡಕ್ಕೆ ಮಣಿದಿತ್ತು. ಆಗ ಸ್ಟಿಯರಿಂಗ್ ಚಕ್ರ ತಾನಾಗಿ ಅಲುಗಿತು. ಎಡಕ್ಕೊಂದು ಬೆರಳು, ಬಲಕ್ಕೊಂದು ಬೆರಳು, ಮತ್ತೆ ಎಡಕ್ಕೆ. ಖಾಲಿ ಸೀಟಿನಲ್ಲಿ ಕೂತ ಯಾರೋ ದಾರಿ ಹುಡುಕುತ್ತಿದ್ದ ಹಾಗೆ. ಆಳುಗಳು ಕೈ ಬಿಟ್ಟರು. ಕಾರು ನಿಂತಿತು. ಸ್ಟಿಯರಿಂಗೂ ನಿಂತಿತು.

"ನೂಕಿ," ಎಂದೆ.

"ನೀವು ಕೂತ್ಕಳಿ ಸಾರ್, ನೂಕ್ತೀವಿ," ಎಂದ ಮೇಸ್ತ್ರಿ. "ಅದು ಸುಮ್ನಿದ್ರೆ ಮಾತ್ರ."

ನಾನು ಕೂರಲಿಲ್ಲ. ಪಕ್ಕದಲ್ಲಿ ಬಗ್ಗಿ ಎಣಿಸಿದೆ. ಚಕ್ರ ಒಂದು ಸುತ್ತು ತಿರುಗಿದರೆ ಸ್ಟಿಯರಿಂಗು ಎರಡು ಸಲ ಮಿಡಿಯುತ್ತಿತ್ತು. ಸುತ್ತಿಗೆ ಎರಡು, ಲೆಕ್ಕ ತಪ್ಪದೆ. ಭಾಯ್ ಮುಖ ಬಿಳಿಚಿಕೊಂಡಿತು, ಏಕೆಂದರೆ ಆ ಲೆಕ್ಕದ ಅರ್ಥ ಅವರಿಗೂ ಗೊತ್ತಿತ್ತು.

ಬಾಗುವ ಜಾಯಿಂಟಿಗೆ ಒಂದು ಹುಟ್ಟುದೋಷವಿದೆ. ಎರಡು ಕವೆಗಳ ನಡುವೆ ಒಂದು ಕಬ್ಬಿಣದ ಶಿಲುಬೆ, ಅದನ್ನು ನಾವು ಕ್ರಾಸ್ ಎನ್ನುತ್ತೇವೆ. ಜಾಯಿಂಟು ನೇರವಿದ್ದಾಗ ಸರಿ. ಬಾಗಿದಾಗ ಅದು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಲಾರಿಯ ಹೊಟ್ಟೆಯ ಕೆಳಗೆ ಬಾಗು ಕಡಿಮೆ, ಆದ್ದರಿಂದ ಯಾರಿಗೂ ತಿಳಿಯದು. ಮಣಿಯುವ ಮುಂದಿನ ಚಕ್ರದಲ್ಲಿ ಅದು ನೇರ ಡ್ರೈವರನ ಕೈಗೆ ಬಡಿಯುತ್ತದೆ. ಅದಕ್ಕಾಗಿ ಈ ಕಾರನ್ನು ಕಟ್ಟಿದವರು ಪ್ರತಿ ಚಕ್ರದ ಬಳಿ ಒಂದರ ಬೆನ್ನಿಗೆ ಒಂದರಂತೆ ಎರಡು ಜಾಯಿಂಟು ಇಟ್ಟಿದ್ದರು. ಒಂದು ಓಡುವಾಗ ಇನ್ನೊಂದು ತಡೆಯಬೇಕು, ಒಂದರ ತಪ್ಪನ್ನು ಇನ್ನೊಂದು ನುಂಗಬೇಕು. ಅದಕ್ಕೆ ನಡುವಿನ ತುಂಡಿನ ಎರಡೂ ಕವೆಗಳು ಒಂದೇ ಸಾಲಿನಲ್ಲಿ ಇರಬೇಕು. ಕಾಲು ಸುತ್ತು ಆಚೀಚೆ ಕೂರಿಸಿದರೆ ಎರಡೂ ತಪ್ಪು ಕೂಡಿಕೊಂಡು ದುಪ್ಪಟ್ಟಾಗುತ್ತದೆ.

ಮಿಸ್ತ್ರಿ ಮಾಡಿದರೆಂದು ನಮ್ಮ ಮನೆ ಹೇಳುತ್ತ ಬಂದ ತಪ್ಪು ಅದೇ. ಸುತ್ತಿಗೆ ಎರಡು ಮಿಡಿತ ಅದನ್ನೇ ಹೇಳುತ್ತಿತ್ತು.

"ಬಿಚ್ಚೋದು ಬೇಡ ಬಿಡಿ," ಎಂದರು ಭಾಯ್. "ಗೊತ್ತಾಯ್ತಲ್ಲ."

"ಬಿಚ್ಚದೆ ನಾನು ಏನೂ ಬರೆಯಲ್ಲ. ಜಾಕ್ ತನ್ನಿ."

ಮೂರು ದಿನ ಹಿಡಿಯಿತು. ನಾನು ಬಿಚ್ಚುವುದು ಒಂದೇ ಕ್ರಮದಲ್ಲಿ. ಪ್ರತಿ ತುಂಡಿಗೂ ಚೀಟಿ, ಪ್ರತಿ ಬೋಲ್ಟೂ ತನ್ನ ತೂತಿನ ಸಂಖ್ಯೆಯ ಡಬ್ಬಿಗೆ, ಒಂದು ಮಗ್ಗುಲು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ. ಭಾಯ್ ಬಾಗಿಲ ಹೊರಗೆ ಕಾಫಿ ಕಣದ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಬರಲಿಲ್ಲ. ಬುಧವಾರ ಮಧ್ಯಾಹ್ನ ಎಡಗಡೆಯ ಜಾಯಿಂಟು ಹೊರಬಂತು. ಡೀಸೆಲ್ಲಿನ ಬಾಂಡ್ಲಿಯಲ್ಲಿ ಅದ್ದಿ ಕಾಟನ್ ವೇಸ್ಟಿನಿಂದ ಉಜ್ಜಿದೆ.

ಎರಡು ಕ್ರಾಸುಗಳಲ್ಲಿ ಒಂದು ಕಲ್ಲಾಗಿತ್ತು. ಕೆರೆಯ ನೀರು ಒಳಹೊಕ್ಕು ತುಕ್ಕು ಹಿಡಿದು ಅಲುಗದೆ ಬಿಗಿದುಕೊಂಡಿತ್ತು. ಇನ್ನೊಂದು ಮಾತ್ರ ಆಡುತ್ತಿತ್ತು. ಜೋಡಿಯಲ್ಲಿ ಒಂದು ಸತ್ತಾಗ ಉಳಿದದ್ದು ಒಂಟಿ ಜಾಯಿಂಟಿನ ಹಾಗೆ ಮಿಡಿಯುತ್ತದೆ. ಬಾಗಿಲಲ್ಲಿ ನಾವು ಕಂಡ ಮಿಡಿತ ನೀರು ಹೊಕ್ಕ ನಂತರದ್ದು, ಮುಂಚಿನದಲ್ಲ. ಕವೆಗಳನ್ನು ನೋಡಿದೆ. ಸ್ಕೇಲ್ ಇಟ್ಟು ನೋಡಿದೆ. ಒಂದೇ ಸಾಲು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕವೆಯ ಮೇಲೆ ಎರಡು ಚುಕ್ಕಿ, ಎದುರಿಗೆ ಶಾಫ್ಟಿನ ಮೇಲೆ ಎರಡು ಚುಕ್ಕಿ, ಮುಖಾಮುಖಿ ಕೂತಿದ್ದವು. ಕೂರಿಸುವಾಗ ತಪ್ಪದಿರಲೆಂದು ಯಾರೋ ಪಂಚ್ ಹೊಡೆದು ಗುರುತು ಮಾಡಿಕೊಂಡಿದ್ದರು. ಚುಕ್ಕಿಗಳು ದುಂಡಗಿರಲಿಲ್ಲ. ಒಂದು ಅಂಚು ಮುರಿದ ಅರ್ಧಚಂದ್ರದ ಹಾಗಿದ್ದವು.

ಬಲಗಡೆಯನ್ನೂ ಬಿಚ್ಚಿದೆ. ಅಲ್ಲೂ ಅದೇ.

ಗುರುವಾರ ಹತ್ತಕ್ಕೆ ಭಾಯ್ ಅವರನ್ನು ಒಳಗೆ ಕರೆದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬೆರಳ ತುದಿಯನ್ನು ಚುಕ್ಕಿಯ ಮೇಲಿಟ್ಟರು.

"ಅಪ್ಪಂದೇ ಪಂಚು. ಮೊನೆ ಮುರಿದಿತ್ತು. ಹೊಸದು ತಗೊಳ್ರಿ ಅಂದ್ರೆ, ನನ್ನ ರುಜು ಇದು, ಯಾಕೆ ಬಿಡ್ಲಿ ಅಂತಿದ್ರು."

"ಸರಿಯಾಗಿ ಕೂರಿಸಿದ್ದಾರೆ," ಎಂದೆ. "ನಾನು ಹೇಳ್ತಿದೀನಿ. ನಮ್ಮ ಮನೆಯವನು."

ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಜಾಯಿಂಟನ್ನು ಕೆಳಗಿಟ್ಟು, "ಹಂಗಾದ್ರೆ ಕಾರು ಯಾಕೆ ತಿರುಗ್ತು?" ಎಂದರು. ಕನ್ನಡಕ ತೆಗೆಯುತ್ತ, "ಅದು ಗೊತ್ತಾಗದೆ ಇದನ್ನ ಯಾರೂ ಒಪ್ಪಲ್ಲ ಸುಬೇದಾರ್ರೇ. ನಿಮ್ಮಕ್ಕನೂ ಒಪ್ಪಲ್ಲ," ಎಂದರು. ನಮ್ಮ ಹಳೆಯ ಮನೆಯಲ್ಲಿ ಆ ಕಾಲದವಳು ಉಳಿದಿರುವುದು ಅಕ್ಕ ಒಬ್ಬಳೇ. ಆಗ ಅವಳಿಗೆ ಎಂಟು ವರ್ಷ.

ಭಾಯ್ ಹೊಸ ಕ್ರಾಸುಗಳನ್ನು ಕಡೆದರು. ಆರು ವಾರದಲ್ಲಿ ಕಾರು ಓಡುವ ಸ್ಥಿತಿಗೆ ಬಂತು. ಕಣದಲ್ಲಿ ಸುತ್ತಿಸಿ ನೋಡಿದೆ. ಸ್ಟಿಯರಿಂಗು ಹಾಲಿನಂತೆ ನಯ. ಆದರೆ ಕಣದಿಂದ ಗೇಟಿಗೆ ಹತ್ತುವ ಏರಿನಲ್ಲಿ ಕಾರು ಹತ್ತಲಿಲ್ಲ. ಏರಿನಲ್ಲಿ ವಾಹನದ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಎಳೆಯುವ ಮುಂದಿನ ಚಕ್ರಗಳು ಹಗುರಾಗಿ ಒದ್ದೆ ಮಣ್ಣಿನ ಮೇಲೆ ಸುಮ್ಮನೆ ತಿರುಗತೊಡಗಿದವು. ಯೋಚಿಸಿ ಕಾರನ್ನು ಹಿಂದುಮುಂದು ಮಾಡಿ ರಿವರ್ಸ್ ಗೇರಿನಲ್ಲಿ ಹತ್ತಿಸಿದೆ. ಆರಾಮಾಗಿ ಹತ್ತಿತು. ಕೆಳಗೆ ನಿಂತವರಿಗೆ, ಉದ್ದ ಮೂತಿಯ ಕಾರು ತಮ್ಮನ್ನೇ ದಿಟ್ಟಿಸುತ್ತ ಗುಡ್ಡದ ಮೇಲೆ ಹಿಂದೆ ಹಿಂದೆ ಹೋಗುವುದು ಕಂಡಿತಂತೆ. ಮಾರನೆಯ ದಿನ ಗೋಡೌನಿನ ಬಾಗಿಲಿಗೆ ಯಾರೋ ನಿಂಬೆಹಣ್ಣು ಕಟ್ಟಿದ್ದರು. ನಾನು ತೆಗೆಸಲಿಲ್ಲ.

ಚಿಕ್ಕಪ್ಪ ಪರೀಕ್ಷೆಗೆ ಬಯಲಿಗೆ ಯಾಕೆ ಹೋದ ಎಂಬುದು ಅಂದು ತಿಳಿಯಿತು. ಅವನು ಹೋದ ರಸ್ತೆಯಲ್ಲೇ ಹೋಗಬೇಕೆಂದೂ ಅಂದೇ ತೀರ್ಮಾನಿಸಿದೆ. ಎಸ್ಟೇಟಿನ ಅಮ್ಮ ಒಪ್ಪಿದರು. ಲಾರಿಯಲ್ಲಿ ತರೀಕೆರೆಗೆ ಇಳಿಸಿದೆವು. ಅಲ್ಲಿಂದ ನಾನು ಓಡಿಸಿದೆ, ಪಕ್ಕದಲ್ಲಿ ಭಾಯ್.

ಆ ಕಾರನ್ನು ಓಡಿಸುವುದು ಎಂದರೆ ಒಂದು ಒಳ್ಳೆಯ ಎತ್ತಿನ ಹಿಂದೆ ಹೋದ ಹಾಗೆ. ಮೂತಿ ಎಲ್ಲಿಗೆ ತಿರುಗಿತೋ ಮೈ ಅಲ್ಲಿಗೆ ಬರುತ್ತದೆ. ತಿರುವುಗಳಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ತಾನೇ ದಾರಿ ಹಿಡಿದು ಎಳೆಯುತ್ತದೆ. ಮಧ್ಯಾಹ್ನದ ಬಿಸಿಲು, ರಸ್ತೆ ಖಾಲಿ. ಭಾಯ್ ಗಾಳಿಗೆ ಟೋಪಿ ಹಿಡಿದುಕೊಂಡು, "ಎಪ್ಪತ್ತು ವರ್ಷ ಆದ್ರೂ ಕುದುರೆ ಕಣ್ರೀ ಇದು," ಎಂದು ಕೂಗಿದರು.

ಬುಕ್ಕಾಂಬುಧಿ ಏರಿ ಹತ್ತಿದೆವು. ಎಡಗಡೆಗೆ ನೀರು. ಕೆರೆ ತುಂಬಿತ್ತು. ಗಾಳಿ ನಿಂತಿತ್ತು. ಒಂದು ಕೊಕ್ಕರೆಯೂ ಇರಲಿಲ್ಲ. ಏರಿ ಎಡಕ್ಕೆ ಬಾಗುವಲ್ಲಿ, ನೀರಿನ ಅಂಚಿಗೆ, ಗಂಗಮ್ಮನ ಕಲ್ಲಿದೆ. ಅರಿಶಿನ ಕುಂಕುಮ ಮೆತ್ತಿದ ಮೊಣಕಾಲೆತ್ತರದ ಕಲ್ಲು. ವೇಗ ಮೂವತ್ತು. ತಿರುವಿಗೆ ಸ್ಟಿಯರಿಂಗು ಕೊಟ್ಟೆ.

ಕಾರು ನನ್ನ ಕೈಯಿಂದ ಹೋಯಿತು. ಜರ್ಕಿಲ್ಲ, ಸದ್ದಿಲ್ಲ. ಯಾರೋ ಮೂತಿಯನ್ನು ಮೆಲ್ಲಗೆ ಹಿಡಿದು ನೀರಿನ ಕಡೆ ತಿರುಗಿಸಿದ ಹಾಗಿತ್ತು. ಬ್ರೇಕು ಒತ್ತಿದೆ. ಏರಿಯ ಅಂಚಿಗೆ ಈಗ ಕಲ್ಲುಕಂಬ ನೆಟ್ಟಿದ್ದಾರೆ. ಅದಕ್ಕೆ ಒಂದು ಗೇಣು ಉಳಿದಾಗ ಕಾರು ನಿಂತಿತು. ಎಂಜಿನ್ನು ಆರಿತು. ಕೆಳಗೆ ನೀರು ಅಲುಗದೆ ನಿಂತಿತ್ತು. ಅದರಲ್ಲಿ ಕಾರಿನ ಮೂತಿ, ಅದರ ಹಿಂದೆ ಎರಡು ತಲೆ ಕಂಡವು.

ನಾನು ಇಳಿದು ಜಾಯಿಂಟು ನೋಡಿದೆ. ಸರಿ. ಟೈರು, ಸ್ಟಿಯರಿಂಗ್ ಕಡ್ಡಿ, ಬ್ರೇಕು, ಎಲ್ಲ ಸರಿ.

"ಕಾಲು ಎತ್ತಿದ್ರಾ?" ಎಂದರು ಭಾಯ್.

"ಇಲ್ಲ."

"ಎತ್ತಿದ್ರಿ. ಎಂಜಿನ್ ಸದ್ದು ಇಳೀತು. ಕಲ್ಲಿನ ಹತ್ರ ನಿಮ್ಮ ಬಲಗೈಯೂ ಎದೆಗೆ ಹೋಯ್ತು."

"ಇಲ್ಲ ಅಂದ್ನಲ್ಲ."

"ನಂದೂ ಹೋಯ್ತು," ಎಂದು ಅವರು ತಮ್ಮ ಕೈ ನೋಡಿಕೊಂಡರು. ಅದು ಇನ್ನೂ ಅವರ ಎದೆಯ ಮೇಲೆಯೇ ಇತ್ತು.

ಆ ಏರಿಯಲ್ಲಿ ಎಲ್ಲರೂ ಹಾಗೆಯೇ. ಬಸ್ಸಿರಲಿ, ಟ್ರ್ಯಾಕ್ಟರಿರಲಿ, ಜಾತಿ ಯಾವುದಿರಲಿ, ಗಂಗಮ್ಮನ ಕಲ್ಲಿನ ಮುಂದೆ ಡ್ರೈವರು ಆಕ್ಸಿಲರೇಟರಿನಿಂದ ಕಾಲು ಎತ್ತಿ ಎದೆ ಮುಟ್ಟಿಕೊಳ್ಳುತ್ತಾನೆ. ಅಮ್ಮನ ಮುಂದೆ ಜೋರು ಮಾಡಬಾರದು ಎಂಬ ಮಾತು. ಹಿಂದಿನ ಚಕ್ರದಿಂದ ಓಡುವ ಗಾಡಿಗೆ ಅದರಿಂದ ತೊಂದರೆಯಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಮುಂದಿನ ಚಕ್ರದಿಂದ ಎಳೆಯುವ ಕಾರಿಗೆ ಹಾಗಲ್ಲ. ತಿರುವಿನ ನಡುವೆ ಥಟ್ಟನೆ ಕಾಲೆತ್ತಿದರೆ ಭಾರ ಮೂತಿಯ ಮೇಲೆ ಬೀಳುತ್ತದೆ, ಅಲ್ಲಿಯವರೆಗೆ ಹೊರಗೆ ಎಳೆಯುತ್ತಿದ್ದ ಚಕ್ರ ಹಿಡಿತ ಸಿಕ್ಕಿ ಒಳಕ್ಕೆ ಕಚ್ಚುತ್ತದೆ, ಬಾಲ ಹಗುರಾಗಿ ಹೊರಗೆ ತೂಗುತ್ತದೆ. ಈ ತಿರುವಿನ ಒಳಗೆ ಇರುವುದು ಕೆರೆ.

ನಾನು ಒಂದು ಸಲ ನೋಡಿ ನಂಬುವವನಲ್ಲ. ಹಿಂದಕ್ಕೆ ಹೋಗಿ ವೇಗ ಇಪ್ಪತ್ತಕ್ಕೆ ಇಳಿಸಿ ಮತ್ತೆ ಬಂದೆ. ಕಾಲು ಒತ್ತಿಯೇ ಇಟ್ಟೆ. ಕಾರು ಗೆರೆ ಎಳೆದಂತೆ ತಿರುವು ದಾಟಿತು. ಎರಡನೆಯ ಸಲ ಬೇಕೆಂದೇ ಕಾಲೆತ್ತಿದೆ. ಮೂತಿ ಕೆರೆಯ ಕಡೆ ಹೊರಳಿತು. ಮೂರನೆಯ ಸಲ ಕಾಲು ಎತ್ತಬಾರದೆಂದು ಹಲ್ಲು ಕಚ್ಚಿ ಬಂದೆ. ಕಲ್ಲು ಕಂಡಿತು. ನನ್ನ ಕಾಲು ಎದ್ದಿತು. ನಾನು ಎತ್ತಲಿಲ್ಲ. ಇದನ್ನು ಹೀಗೆಯೇ ಬರೆಯಬೇಕು. ಇಪ್ಪತ್ತೆಂಟು ವರ್ಷ ಹೇಳಿದ ಕಡೆ ಎತ್ತಿ, ಹೇಳಿದ ಕಡೆ ಇಟ್ಟ ಕಾಲು, ನನ್ನನ್ನು ಕೇಳದೆ ಎದ್ದಿತು. ನಾಲ್ಕನೆಯ ಸಲ ಹೋಗುವ ಧೈರ್ಯವಾಗಲಿಲ್ಲ.

ಭಾಯ್ ಏರಿಯ ಮೇಲೆ ಕೂತುಬಿಟ್ಟರು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು.

"ಅಪ್ಪ ಕೊನೇಲಿ ಹದಿನೈದು ದಿನ ಜ್ವರದಲ್ಲಿದ್ರು. ಒಂದೇ ಮಾತು. 'ಪಾಂವ್ ನಕ್ಕೋ ಉಠಾ, ಪಾಂವ್ ನಕ್ಕೋ ಉಠಾ.' ಕಾಲು ಎತ್ತಬೇಡ, ಕಾಲು ಎತ್ತಬೇಡ. ನಮಗೇ ಹೇಳ್ತಾವ್ರೆ ಅಂತ ಅವರ ಕಾಲನ್ನ ನಾವು ಹಾಸಿಗೆಗೆ ಅಮುಕಿ ಹಿಡ್ಕಂಡ್ವಿ. ಹದಿನೈದು ದಿನ ಹಿಡ್ಕಂಡಿದ್ವಿ."

ಮಿಸ್ತ್ರಿ ಅದನ್ನು ಚಿಕ್ಕಪ್ಪನಿಗೆ ಆ ದಿನ ಹೇಳಿ ಕಳಿಸಿದ್ದರೋ, ಹೇಳಲು ಮರೆತದ್ದನ್ನು ಜ್ವರದಲ್ಲಿ ಹೇಳುತ್ತಿದ್ದರೋ, ನಾನು ಕೇಳಲಿಲ್ಲ. ಭಾಯ್ ಕೂಡ ಅದನ್ನೇ ಯೋಚಿಸುತ್ತಿದ್ದರು ಎಂದು ಅವರ ಮುಖ ಹೇಳುತ್ತಿತ್ತು. ಹೇಳಿದ್ದರೂ ಏನಾಗುತ್ತಿತ್ತು? ನನಗೆ ಗೊತ್ತಿತ್ತು, ಆದರೂ ಕಾಲು ಎದ್ದಿತಲ್ಲ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ನನ್ನ ಮಾಮೂಲು ಕಾರಿನಲ್ಲಿ ಊರಿಗೆ ಹೋದೆ. ಅಕ್ಕ ಅಂಗಳದಲ್ಲಿ ಸೊಸೆಯೊಡನೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಸೊಸೆಯನ್ನು ಒಳಗೆ ಕಳಿಸಿ, ಜಾಯಿಂಟಿನಿಂದ ಹಿಡಿದು ಕಾಲಿನವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳು ಒಂದು ಹಣ್ಣಿನ ನಾರು ತೆಗೆದಳು. ಇನ್ನೊಂದು ಹಣ್ಣು ಎತ್ತಿಕೊಂಡಳು.

"ಗೊತ್ತು ಕಣೋ," ಎಂದಳು.

"ಏನು ಗೊತ್ತು?"

"ಕಾಲು ಗೊತ್ತಿಲ್ಲ. ಕೈ ಗೊತ್ತು. ನಾನು ಏರಿ ಮೇಲಿದ್ದೆ. ಅಜ್ಜಿ ಬಟ್ಟೆ ಒಗೀತಿದ್ಲು. ಚಿಕ್ಕಪ್ಪ ಬಂದ. ಅಮ್ಮನ ಕಲ್ಲಿನ ಹತ್ರ ಕೈ ಎದೆಗೆ ಹೋಯ್ತು. ಹೋದೇಟಿಗೆ ಕಾರು ಅಮ್ಮನ ಕಡೆ ತಿರುಗ್ತು. ನಗ್ತಾ ಇದ್ದ. ನೀರೊಳಕ್ಕೆ ಹೋಗೋವಾಗ್ಲೂ ಮುಖದ ನಗು ಹಂಗೇ ಇತ್ತು. ನೋಡಿದ್ದನ್ನ ಅಜ್ಜಿಗೆ ಹೇಳ್ದೆ. ಅವಳು ಒದ್ದೆ ಕೈಯಲ್ಲಿ ನನ್ನ ಬಾಯಿ ಮುಚ್ಚಿದ್ಲು."

"ಯಾಕೆ?"

"ಕೈ ಮುಗಿಯೋನನ್ನ ಅಮ್ಮ ತಗಂಡ್ಲು ಅಂತ ಊರಿಗೆ ಹೇಳಕಾಗುತ್ತೇನೋ ಲೇ? ನಾಳೆಯಿಂದ ಯಾರು ಕೈ ಮುಗೀತಾರೆ? ಏನಾದ್ರೂ ಒಂದು ಹೇಳ್ಬೇಕಿತ್ತು. ಸಾಬರ ಕೈ ಅಂದ್ಲು. ಯಾರೂ ತಿರುಗಿ ಕೇಳ್ಳಿಲ್ಲ."

"ನೀನೂ ಸುಮ್ನಿದ್ದೆ."

"ಎಂಟು ವರ್ಷದೋಳು ಸುಮ್ನಿದ್ಲು. ಆಮೇಲೆ ಅಜ್ಜಿ ಹೋದ್ಲು, ಅಪ್ಪ ಹೋದ, ಆಗ್ಲೂ ಸುಮ್ನಿದ್ದೆ. ಕನಸಲ್ಲಿ ಬಾಯಿ ತೆಗೆದ್ರೆ ಒದ್ದೆ ಕೈ ಬರುತ್ತೆ ಕಣೋ, ಇವತ್ತಿಗೂ. ಸೋಪಿನ ವಾಸನೆ."

ನಾನು ಗಡಿಯಾರ ನೋಡಿದೆ. "ಎದ್ದೇಳು. ಸೀರೆ ಬದಲಾಯಿಸು. ತರೀಕೆರೆಗೆ ಹೋಗಣ."

"ಮಂಗಳವಾರ ಕಣೋ ಇವತ್ತು."

"ಯಾವ ವಾರ ಆದ್ರೂ ಸರಿ."

ಅವಳು ಹುಣಸೆಯ ಕೈಯನ್ನು ತೊಳೆದುಕೊಂಡು ಬಂದು ಕಾರಿನಲ್ಲಿ ಕೂತಳು. ಏರಿಯ ಮೇಲೆ ಹೋಗುವಾಗ ಕಣ್ಣು ಮುಚ್ಚಿಕೊಂಡಿದ್ದಳು.

ಭಾಯ್ ಲೇತಿನ ಮುಂದೆ ಬಗ್ಗಿದ್ದರು. ಶಟರು ಅರ್ಧ ಇಳಿದಿತ್ತು. ಅಕ್ಕ ತಲೆ ತಗ್ಗಿಸಿ ಒಳಗೆ ಬಂದು ನಿಂತದ್ದನ್ನು ನೋಡಿದರೂ ಅವರು ಕೆಲಸ ನಿಲ್ಲಿಸಲಿಲ್ಲ. ಕಡೆಯುತ್ತಿದ್ದ ಬುಷ್ಷನ್ನು ಅಳತೆಗೆ ತಂದ ಮೇಲೆಯೇ ಸ್ವಿಚ್ ಆರಿಸಿದರು. ಯಂತ್ರದ ಸದ್ದು ಸ್ವಲ್ಪ ಸ್ವಲ್ಪವಾಗಿ ಇಳಿದು ನಿಂತಿತು.

"ಕೂತ್ಕಳಿ ಅಕ್ಕಾ."

"ಕೂರಲ್ಲ ಸಾಹೇಬ್ರೇ. ನಿಂತೇ ಹೇಳ್ತೀನಿ."

ಹೇಳಿದಳು. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ಅಜ್ಜಿಯ ಮೇಲೆ ಏನನ್ನೂ ಹೊರಿಸದೆ. ಕಂಡದ್ದು ನಾನು, ಹೇಳದೆ ಇದ್ದದ್ದು ನಾನು, ನಿಮ್ಮಪ್ಪನ ಕೆಲಸದಲ್ಲಿ ತಪ್ಪಿರಲಿಲ್ಲ ಎಂದಳು. ಭಾಯ್ ಕಾಟನ್ ವೇಸ್ಟ್ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡರು. ಹತ್ತೂ ಬೆರಳು ಮುಗಿಯುವವರೆಗೆ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಶಟರನ್ನು ಪೂರ್ತಿ ಮೇಲಕ್ಕೆ ಎತ್ತಿದರು. ಹಿಂದಿನ ಮನೆಯ ಕಡೆ ತಿರುಗಿ ಹೆಂಡತಿಯನ್ನು ದಖನಿ ಉರ್ದುವಿನಲ್ಲಿ ಕರೆದರು. ಅವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಭಾಯ್ ಬೀದಿಗಿಳಿದು ಪಕ್ಕದ ವೆಲ್ಡಿಂಗ್ ಅಂಗಡಿಯವನನ್ನೂ ಎದುರಿನ ಟೈರಿನವನನ್ನೂ ಕೂಗಿದರು.

"ಬರ್ರಪ್ಪಾ ಇಲ್ಲಿ, ಎರಡು ನಿಮಿಷ. ವೆಲ್ಡಿಂಗ್ ಆಮೇಲೆ ಮಾಡೀರಂತೆ."

ವೆಲ್ಡಿಂಗಿನವನು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಬಂದು ನಿಂತ, ಟೈರಿನವನೂ ಬಂದ. ಟೀ ಅಂಗಡಿಯ ಮುಂದೆ ನಿಂತಿದ್ದ ಇಬ್ಬರೂ ಹತ್ತಿರ ಬಂದರು. ಭಾಯ್ ನಮ್ಮ ಕಡೆ ತಿರುಗಿದರು.

"ಅಕ್ಕಾ, ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ."

ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹೊಸ್ತಿಲು ದಾಟಿ ಬೀದಿಗೆ ಮುಖ ಮಾಡಿ ನಿಂತು, ಮೊದಲಿನಿಂದ ಶುರು ಮಾಡಿದಳು.